ಚಾಳೀಸ್ ಗಾಡಿ

"ನನಗ ಇನ್ನಾ ಮೂವತ್ತೂ ಆಗಿಲ್ಲ. ಈಗೇ ಚಾಳೀಸ್ ಹಾಕ್ಕೊಂಡ್ರ ಮಂದಿ ನಗ್ತಾರ" ಎಂದು ನನ್ನ ಗಂಡ ಆಳಂದದ ಕನ್ನಡಕದ ಅಂಗಡಿಯಲ್ಲಿ ಹಟ ಹಿಡಿದರು. ಉರ್ದುವಿನಲ್ಲಿ ಚಾಳೀಸ್ ಎಂದರೆ ನಲವತ್ತು. ನಮ್ಮ ಕಡೆ ಕನ್ನಡಕಕ್ಕೂ ಅದೇ ಹೆಸರು. ಮಾದನಹಿಪ್ಪರಗಾಕ್ಕೆ ಬಾಡಿಗೆ ಜೀಪು ಓಡಿಸುವ ಅವರಿಗೆ ಕತ್ತಲಾದ ಮೇಲೆ ಎದುರು ಬರುವ ಲಾರಿಯ ಬೆಳಕು ಕಣ್ಣಿಗೆ ಹೊಡೆದು ರಸ್ತೆಯೇ ಕಾಣುತ್ತಿರಲಿಲ್ಲ. ಡಾಕ್ಟರು ನಂಬರ್ ಬರೆದುಕೊಟ್ಟಿದ್ದರೂ ಅವರು ಆರಿಸಿಕೊಂಡದ್ದು ಕಪ್ಪು ಕನ್ನಡಕ.

ನಾನು ಬಿಡಲಿಲ್ಲ. ಬಾಗಿಲು ಮುಚ್ಚಿಸಿ, ಅಂಗಡಿಯವರಿಂದ ಗಂಡನ ಮುಖಕ್ಕೆ ಬ್ಯಾಟರಿ ಹಿಡಿಸಿದೆ. ನಮ್ಮ ಕೂಸನ್ನು ಎತ್ತಿಕೊಂಡು ಬೆಳಕಿನ ಪಕ್ಕದ ಕತ್ತಲಲ್ಲಿ ನಿಂತು, "ನಾವು ಎಲ್ಲಿ ಅದೀವಿ, ತೋರಸ್ರಿ" ಎಂದೆ. ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅವರು ಖಾಲಿ ಗೋಡೆಯತ್ತ ಬೆರಳು ಮಾಡಿದರು. ಇನ್ನೊಂದು ಬದಿಯಿಂದ ಕೂಸು ನಕ್ಕಿತು. ಅವರು ಕನ್ನಡಕ ತೆಗೆದಿಟ್ಟು, ನಂಬರಿನ ಬಿಳಿ ಗಾಜಿಗೆ ಒಪ್ಪಿಕೊಂಡರು.

ಮಂದಿ ನಕ್ಕದ್ದು ನಿಜ. ಅವರ ಜೀಪಿಗೇ ‘ಚಾಳೀಸ್ ಗಾಡಿ’ ಎಂದು ಹೆಸರಿಟ್ಟರು. ಈಗ ಹೊತ್ತು ಮುಳುಗಿದರೆ, ಕೂಸುಗಳನ್ನು ಎತ್ತಿಕೊಂಡ ಹೆಂಗಸರು ಬೇರೆ ಜೀಪು ಹತ್ತದೆ ಆ ಗಾಡಿಗೇ ಕಾಯುತ್ತಾರೆ.