ಜೇನಿನ ಲಾರಿಯ ಹೊಗೆ ಪರೀಕ್ಷೆ

ಹಿಲ್ಮಾರ್ ಸುತ್ತಮುತ್ತ ಲೌರಿಂಡಾ ಬೆಟನ್‌ಕೂರಳ ಲಾರಿಯನ್ನು ಗುರುತಿಸದವರಿಲ್ಲ. ಹಸಿರು ಬಣ್ಣ, ಉದ್ದ ಮೂತಿ, ಬಾಗಿಲ ಮೇಲೆ ಮಾಸಿದ ಬಿಳಿ ಕುದುರೆಯ ಚಿತ್ರ. ಒಂದು ಕಾಲಕ್ಕೆ ಅದು ತಿರುಗುವ ಕುದುರೆ, ತೂಗುವ ದೋಣಿಗಳನ್ನು ಊರಿಂದೂರಿಗೆ ಹೊತ್ತು ತಿರುಗುತ್ತಿದ್ದ ಆಟದ ಕಂಪನಿಯ ಲಾರಿ. ಕಂಪನಿ ಮುಚ್ಚಿ ಸಾಮಾನೆಲ್ಲ ಹರಾಜಾದಾಗ ಲೌರಿಂಡಾ ಕೈಯೆತ್ತಿದ್ದಳು.

"ನಿನಗೇನು ತಲೆ ಕೆಟ್ಟಿದ್ಯಾ?" ಅಂತ ಗಂಡ ಹರ್ಮೀನಿಯೊ ಅವಳ ಕೈ ಜಗ್ಗಿದ್ದ.

"ಜೇನುಪೆಟ್ಟಿಗೆನೆಲ್ಲ ನಿನ್ನ ಹೆಗಲ ಮೇಲೆ ಹೊರಿಸ್ಲಾ ಹಾಗಾದ್ರೆ?" ಅಂತ ಅವಳು ಇನ್ನೊಂದು ಕೈಯನ್ನೂ ಎತ್ತಿದ್ದಳು.

ಅಸೋರ್ಸ್ ದ್ವೀಪಗಳಿಂದ ಬಂದು ಕ್ಯಾಲಿಫೋರ್ನಿಯಾದ ಈ ಬಯಲಲ್ಲಿ ನೆಲೆ ನಿಂತ ಪೋರ್ಚುಗೀಸರಿಗೆಲ್ಲ ಹಸು ಅಂದರೆ ಜೀವ. ಲೌರಿಂಡಾಳ ಅಣ್ಣ ತಮ್ಮ, ಚಿಕ್ಕಪ್ಪ ದೊಡ್ಡಪ್ಪ ಎಲ್ಲರದೂ ಹಾಲಿನ ಬದುಕೇ. ಅವಳಿಗೆ ಮಾತ್ರ ಹರೆಯದಲ್ಲಿ ಒಂದು ಹಸು ಮೊಣಕಾಲಿಗೆ ಜಾಡಿಸಿ ಒದ್ದಿತ್ತು. "ಒದೆಸ್ಕೊಳ್ಳೋದಕ್ಕಿಂತ ಚುಚ್ಚಿಸ್ಕೊಳ್ಳೋದೇ ವಾಸಿ" ಅಂತ ಹೇಳಿ ಅವಳು ಜೇನಿನ ಕಡೆ ತಿರುಗಿದಳು. ಈಗ ಅರವತ್ತರ ಹತ್ತಿರ ಬಂದಿದ್ದರೂ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಇಣುಕುವಾಗ ಅವಳ ಮುಖದಲ್ಲಿ ಉಡುಗೊರೆಯ ಕಾಗದ ಹರಿಯುವ ಮಗುವಿನ ಕಳೆ ಬರುತ್ತದೆ. ಹರ್ಮೀನಿಯೊ ಒಳ್ಳೆಯ ಅಡುಗೆಯವ. ಚರ್ಚಿನ ಹಬ್ಬಕ್ಕೆ ಊರಿಗೆಲ್ಲ ಸಾಕಾಗುವಷ್ಟು ಮಾಂಸದ ಸಾರನ್ನು ಒಬ್ಬನೇ ಕಾಯಿಸಿ ಬಡಿಸುವ ಆಸಾಮಿ. ಜೇನುನೊಣ ಕಂಡರೆ ಮಾತ್ರ ಮೈಲಿ ದೂರ ಓಡುತ್ತಾನೆ.

ಜೇನು ಸಾಕುವವರಿಗೆ ಫೆಬ್ರವರಿಯೇ ವರ್ಷ. ಬಾದಾಮಿ ತೋಟಗಳೆಲ್ಲ ಒಟ್ಟಿಗೆ ಹೂ ಬಿಡುತ್ತವೆ, ಒಟ್ಟಿಗೆ ಉದುರಿಸುತ್ತವೆ. ನೊಣ ಪರಾಗ ಹೊತ್ತು ತಿರುಗಿದರೇ ಕಾಯಿ ಕಚ್ಚುವುದು, ಅದಕ್ಕೆ ತೋಟದವರು ಪೆಟ್ಟಿಗೆಗೆ ಬಾಡಿಗೆ ಕೊಡುತ್ತಾರೆ. ಹೂ ಉದುರುವಷ್ಟರೊಳಗೆ ಪೆಟ್ಟಿಗೆಗಳು ಮರದ ಬುಡ ಮುಟ್ಟಬೇಕು. ಮುಟ್ಟಿಸಬೇಕಾದದ್ದು ಲಾರಿ. ಆ ಲಾರಿ ರಸ್ತೆಗೆ ಇಳಿಯಬೇಕಾದರೆ ರಾಜ್ಯದ ಹೊಗೆ ನಿಯಮ ಹೂಂ ಅನ್ನಬೇಕು.

ನಿಯಮಕ್ಕಾಗಿ ಲೌರಿಂಡಾ ಮಾಡದ್ದೇನೂ ಉಳಿದಿರಲಿಲ್ಲ. ಹಳೆಯ ಎಂಜಿನ್ ನಡೆಯುವುದಿಲ್ಲ ಅಂದಾಗ ಲಾರಿಯ ಎದೆ ಬಗೆದು ಬೇರೆ ಎಂಜಿನ್ ಕೂರಿಸಿದಳು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಹಾಕಿಸಿದಳು. ವರ್ಷಕ್ಕೆರಡು ಸಲ ಪರೀಕ್ಷೆ ಅಂದಾಗ ಬೈದುಕೊಂಡೇ ಅದನ್ನೂ ಮಾಡಿಸಿದಳು. ಅವಳ ದೊಡ್ಡಪ್ಪನ ಮಗ ಗಿಲ್ಬರ್ಟೊ ಇಷ್ಟೆಲ್ಲ ರಗಳೆ ಬೇಡವೆಂದು ತನ್ನ ಲಾರಿಯನ್ನು ಬೆಟ್ಟದಾಚೆಯ, ಈ ನಿಯಮವಿಲ್ಲದ ನೆವಾಡಾ ರಾಜ್ಯಕ್ಕೆ ಮಾರಿದ್ದ. ಬಂದಾಗಲೆಲ್ಲ ಅವಳಿಗೂ ಉಪದೇಶ ಮಾಡುತ್ತಿದ್ದ.

"ಫಿಲ್ಟರ್ ಒಳಗಿನ ತಿರುಳು ಕಿತ್ತು ಬಿಸಾಕಿ ಮೇಲೆ ಬೆಸುಗೆ ಹಾಕಿಸಿಬಿಡೇ. ಯಾರಿಗೆ ಗೊತ್ತಾಗುತ್ತೆ?"

"ಇವನ ಎದೆಗೆ ಗೊತ್ತಾಗುತ್ತೆ" ಅಂತ ಲೌರಿಂಡಾ ಗಂಡನ ಕಡೆ ಬೆರಳು ತೋರಿಸುತ್ತಿದ್ದಳು. ಬೇಸಿಗೆಯಲ್ಲಿ ಬಯಲಿನ ಮೇಲೆ ಕಂದು ಹೊಗೆ ಮುಚ್ಚಳ ಹಾಕಿದಂತೆ ಕೂತಾಗ ಹರ್ಮೀನಿಯೊ ಇಡೀ ದಿನ ಮನೆಯೊಳಗೆ ಕುಳಿತು ಉಬ್ಬಸದ ಔಷಧಿ ಎಳೆದುಕೊಳ್ಳಬೇಕು. ಅದಕ್ಕೇ ಅವಳು ಅಡ್ಡದಾರಿ ಹಿಡಿಯಲಿಲ್ಲ. ಹಾಗಂತ ಬೈಯುವುದನ್ನೂ ಬಿಡಲಿಲ್ಲ.

ಕಳೆದ ಪರೀಕ್ಷೆಯಲ್ಲಂತೂ ಅವಳ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು. ಪರೀಕ್ಷೆ ಮಾಡುವವಳು ಪಾಕೂ ವಾಂಗ್ ಅನ್ನುವ, ಲಾವೋಸ್ ಕಡೆಯಿಂದ ಬಂದ ಹ್ಮಾಂಗ್ ಜನದ ಹೆಂಗಸು. ಉಪಕರಣಗಳನ್ನೆಲ್ಲ ಕಾರಲ್ಲಿಟ್ಟುಕೊಂಡು ಕರೆದಲ್ಲಿಗೆ ಬರುತ್ತಾಳೆ. ಅಳೆದು ನೋಡಿದರೆ ಹೊಗೆಯೇ ಇಲ್ಲ! ಲೌರಿಂಡಾ ಕುಣಿಯಲು ಕಾಲೆತ್ತುವಷ್ಟರಲ್ಲಿ ಪಾಕೂ ಎಂಜಿನ್ನಿನ ಪಕ್ಕಕ್ಕೆ ಟಾರ್ಚ್ ಬಿಟ್ಟು ತಲೆಯಲ್ಲಾಡಿಸಿದಳು.

"ಹೊಗೆನೂ ಸೊನ್ನೆ, ಚೀಟಿನೂ ಸೊನ್ನೆ ಅಕ್ಕ."

ಎಂಜಿನ್ ಯಾವ ಕಾಲದ್ದು, ಯಾವ ಮಾದರಿಯದು ಎಂದು ಹೇಳುವ ಅಂಗೈಯಗಲದ ಚೀಟಿ ಅದು. ಬಿಸಿಗೆ ಬಾಡಿ, ನೀರಿಗೆ ತೊಳೆದುಹೋಗಿ, ಒಂದಕ್ಷರವೂ ಕಾಣದಂತಾಗಿತ್ತು. ಓದಲಾಗದ ಚೀಟಿ ಇಲ್ಲದ ಚೀಟಿಯ ಲೆಕ್ಕವೇ. ಹೊಸದನ್ನು ಎಂಜಿನ್ ಮಾಡಿದ ಕಂಪನಿಯೇ ಕೊಡಬೇಕು. ಫೋನು ಮಾಡಿದರೆ ಅವರು ಸಂಖ್ಯೆ ಕೇಳುತ್ತಾರೆ, ಸಂಖ್ಯೆ ಇರುವುದು ಆ ಚೀಟಿಯ ಮೇಲೆಯೇ! "ಓದೋಕಾಗಿದ್ರೆ ನಿಮಗೆ ಯಾಕೆ ಫೋನ್ ಮಾಡ್ತಿದ್ದೆ ಮಹಾರಾಯ?" ಅಂತ ಅವಳು ಕಿರುಚಿದ್ದು ಪಕ್ಕದ ಕೊಟ್ಟಿಗೆಯ ತನಕ ಕೇಳಿಸಿತ್ತು. ಕೊನೆಗೆ ಎಂಜಿನ್ನಿನ ಅಡಿಯಲ್ಲಿ ಮಲಗಿ, ಗ್ರೀಸ್ ಕೆರೆದು, ಕಬ್ಬಿಣದ ಮೇಲೆ ಕೊರೆದಿದ್ದ ಸಂಖ್ಯೆ ಹುಡುಕಿ ಹೇಳಿದಳು. ಅಷ್ಟಾದರೂ ಚೀಟಿ ಬರುವಷ್ಟರಲ್ಲಿ ಕ್ರಿಸ್ಮಸ್ ಕಳೆದು, ಹೊಸ ವರ್ಷ ಕಳೆದು, ಬಾದಾಮಿ ಮೊಗ್ಗು ಬಿರಿಯಲು ಹತ್ತಿರವಾಗಿತ್ತು.

ಪರೀಕ್ಷೆಗೆ ಕೊನೆಯ ದಿನವೂ, ಚೌಚಿಲ್ಲಾ ಹತ್ತಿರದ ತೋಟಕ್ಕೆ ಪೆಟ್ಟಿಗೆ ಮುಟ್ಟಿಸಬೇಕಾದ ದಿನವೂ ಒಂದೇ ಆಗಿಬಿಟ್ಟಿತು. ಪಾಕೂ ಮಧ್ಯಾಹ್ನ ತೋಟಕ್ಕೇ ಬರುತ್ತೇನೆ ಅಂದಿದ್ದಳು. ಬೆಳಗಿನ ಚಳಿಯಲ್ಲಿ ನೊಣಗಳು ಮುದುರಿಕೊಂಡಿರುವಾಗಲೇ ಲೋಡ್ ಮಾಡಿ, ಬಲೆ ಬಿಗಿದು, ಬಿಸಿಲೇರುವ ಮೊದಲೇ ತೋಟ ಸೇರಬೇಕೆಂದು ಲೌರಿಂಡಾಳ ಲೆಕ್ಕ. ಆದರೆ ಮಂಜು ಇಳಿಯಿತು. ಮುಂದೆ ಹಿಡಿದ ಕೈ ಕಾಣದಂಥ ಬಯಲಿನ ಮಂಜು. ಅದು ಕರಗುವ ತನಕ ಕಾಯ್ದು ಹೊರಟಾಗ ಬಿಸಿಲು ಚುರುಕಾಗಿಯೇ ಬಿಟ್ಟಿತ್ತು. ಹರ್ಮೀನಿಯೊ ಹಿಂದಿನಿಂದ ಪಿಕಪ್ಪಿನಲ್ಲಿ, ಕಿಟಕಿಯನ್ನೆಲ್ಲ ಏರಿಸಿಕೊಂಡು, ತಕ್ಕಷ್ಟು ದೂರ ಇಟ್ಟುಕೊಂಡು ಬರುತ್ತಿದ್ದ.

ಚೌಚಿಲ್ಲಾ ಇನ್ನೇನು ಬಂತು ಅನ್ನುವಾಗ ಹೆದ್ದಾರಿಯ ಮೇಲೇ ಲಾರಿಯೊಳಗಿನ ಹಳದಿ ಎಚ್ಚರಿಕೆ ದೀಪ ಮಿಣುಕಿತು. ಲೌರಿಂಡಾ ಸ್ಟೀರಿಂಗಿಗೆ ಗುದ್ದಿದಳು. ಫಿಲ್ಟರ್ ಕಟ್ಟಿಕೊಂಡಿದೆ! ವಾರಗಟ್ಟಲೆ ತೋಟಗಳ ಕೆಸರಿನಲ್ಲಿ ಆಮೆಯ ಹಾಗೆ ತೆವಳಿ, ಎಂಜಿನ್ ಒಮ್ಮೆಯೂ ಸರಿಯಾಗಿ ಬಿಸಿಯಾಗದೆ, ಮಸಿ ಒಳಗೇ ಗಟ್ಟಿಯಾಗಿತ್ತು. ಲಾರಿ ಏದುಸಿರು ಬಿಟ್ಟು ನಿಧಾನವಾಯಿತು. ಈಗ ಇರುವುದು ಒಂದೇ ದಾರಿ: ನಿಂತಲ್ಲೇ ನಿಲ್ಲಿಸಿ, ಎಂಜಿನ್ನನ್ನು ಭೋರೆಂದು ಓಡಿಸಿ, ಆ ಕಾವಿಗೆ ಮಸಿ ಸುಟ್ಟು ಬೂದಿಯಾಗುವ ತನಕ ಕಾಯಬೇಕು. ಮುಕ್ಕಾಲು ಗಂಟೆಯಾದರೂ ಬೇಕು. ನಡುವೆ ನಿಲ್ಲಿಸಿದರೆ ಲಾರಿಯನ್ನು ಎಳೆದೊಯ್ಯುವುದೇ ಗತಿ.

ಹೆದ್ದಾರಿಯಿಂದ ಇಳಿದ ತಕ್ಷಣ ಡೋನಟ್ ಅಂಗಡಿಯ ಮುಂದಿನ ಬಯಲು ಕಂಡಿತು. ಒಂದು ಮೂಲೆಗೆ ಲಾರಿ ನಿಲ್ಲಿಸಿ ಲೌರಿಂಡಾ ಗುಂಡಿ ಒತ್ತಿದಳು. ಎಂಜಿನ್ ಹುಲಿಯ ಹಾಗೆ ಗುರುಗುಟ್ಟಿತು. ನಡುಕಕ್ಕೂ ಬಿಸಿಲಿಗೂ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಎಚ್ಚರವಾದವು. ಬಲೆಯ ಒಂದು ತುದಿ ಎಲ್ಲೋ ಸಡಿಲಾಗಿತ್ತು. ಅಲ್ಲಿಂದ ನೊಣಗಳು ಹಗ್ಗ ಬಿಚ್ಚಿದಂತೆ ಹೊರಬಂದವು.

ಅಂಗಡಿಯ ಬಾಗಿಲು ದಢಾರನೆ ಮುಚ್ಚಿತು. ಗಾಜಿನ ಹಿಂದೆ ಸಾಲಾಗಿ ಮುಖಗಳು. ಅಂಗಡಿಯ ಕಾಂಬೋಡಿಯದ ಯಜಮಾನ ವಿಬೋಲ್ ಕಿಟಕಿ ಬೆರಳಷ್ಟು ತೆರೆದು ಕೂಗಿದ. "ಅಮ್ಮಾ, ನನ್ನ ಸಕ್ಕರೆಗೇ ಬರ್ತಿದಾವೆ ನಿಮ್ಮ ನೊಣ! ಇದು ಡೋನಟ್ ಅಂಗಡಿ, ಹೂದೋಟ ಅಲ್ಲ!"

"ನೀರಿನ ಪೈಪ್ ಇದ್ಯಾ ಅಣ್ಣ? ಬೇಗ ಹೇಳು!"

"ಹಿಂಬದಿ ಇದೆ, ತಗೊಳ್ಳಿ, ಎಷ್ಟು ಬೇಕಾದ್ರೂ ಹೊಡೀರಿ!"

ಹೊಗೆ ಕೊಳವೆಯ ಪಕ್ಕದ ಪೆಟ್ಟಿಗೆಗಳದ್ದೇ ಅವಳಿಗೆ ದಿಗಿಲು. ಆ ಕಾವಿಗೆ ಒಳಗಿನ ಮೇಣ ಕರಗಿ ನೊಣಗಳು ಬೆಂದುಹೋಗುತ್ತವೆ. ಒಂದೇ ಸಮನೆ ನೀರು ಹಾಕುತ್ತಿರಬೇಕು. ಅವಳು ಸಡಿಲಾದ ಬಲೆಯನ್ನೂ ಬಿಗಿಯಬೇಕು, ದೀಪದ ಮೇಲೂ ಕಣ್ಣಿಡಬೇಕು. ಎರಡು ಕೈಗೆ ಮೂರು ಕೆಲಸ. ಪಿಕಪ್ಪಿನತ್ತ ನೋಡಿದಳು. ಹರ್ಮೀನಿಯೊ ಒಳಗೆ ಕಂಬದ ಹಾಗೆ ಕುಳಿತಿದ್ದ.

"ಹರ್ಮೀನಿಯೊ! ಇಳಿ!"

ಅವನು ತಲೆಯಲ್ಲಾಡಿಸಿದ.

"ಇಳೀತೀಯೋ, ನಾನೇ ಬಂದು ಬಾಗಿಲು ತೆಗೀಲೋ?"

ಅಷ್ಟು ಕೇಳಿದ್ದೇ ಅವನು ಸೀಟಿನ ಹಿಂದಿದ್ದ ಬಿಳಿ ಉಡುಪನ್ನು ಹಿಂದುಮುಂದಾಗಿ ತೊಟ್ಟು, ಜಾಲರಿಯ ಟೋಪಿಯನ್ನು ಅವುಚಿಕೊಂಡು, ದೇವರ ಹೆಸರು ಹೇಳುತ್ತ ಇಳಿದೇಬಿಟ್ಟ! ಪೈಪ್ ಹಿಡಿದು ಕೊಳವೆಯ ಪಕ್ಕದ ಸಾಲಿಗೆ ನೀರು ಬಿಟ್ಟ. ಆವಿ ಭುಸುಗುಟ್ಟಿತು. "ಕಿವಿಗೆ ಕಚ್ಚಿತು! ಲೌರಿಂಡಾ, ಕಿವಿಗೆ ಕಚ್ಚಿತು ಕಣೇ!" ಅಂತ ಕೂಗಿದ. ಆದರೆ ಪೈಪ್ ಬಿಡಲಿಲ್ಲ. ಬಲೆಯ ಹಗ್ಗ ಎಳೆಯುತ್ತಿದ್ದ ಲೌರಿಂಡಾಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ತುಂಬಿತು.

ಅಷ್ಟರಲ್ಲಿ ಹೆದ್ದಾರಿ ಪೊಲೀಸನ ಕಾರು ಬಂತು. ಒಳಗಿದ್ದವನು ಹೊರಗಿನ ನೊಣಗಳ ಮೋಡವನ್ನು ನೋಡಿ ಇಳಿಯುವ ವಿಚಾರವನ್ನೇ ಕೈಬಿಟ್ಟ. ಧ್ವನಿವರ್ಧಕದಲ್ಲಿ ಗುಡುಗಿದ. "ಹಸಿರು ಲಾರಿಯವರೇ, ಎಂಜಿನ್ ನಿಲ್ಲಿಸಿ!"

"ಆಗಲ್ಲಾ!" ಅಂತ ಲೌರಿಂಡಾ ಲಾರಿಯ ಮೇಲಿಂದ ಕೂಗಿದಳು.

"ಏನಂದ್ರಿ? ಕೇಳಿಸ್ತಿಲ್ಲ!"

"ಫಿಲ್ಟರ್ ಸುಡ್ತಾ ಇದೆ! ನಿಲ್ಲಿಸಿದ್ರೆ ಕೆಟ್ಟೋಗುತ್ತೆ!"

"ಲಾರಿ ಸುಡ್ತಾ ಇದ್ಯಾ? ಅಗ್ನಿಶಾಮಕ ಕರೀಲಾ?"

"ಬೇಡಾ! ಸುಡಬೇಕು! ಸುಡೋದೇ ನಿಯಮ!"

ಸರಿಯಾಗಿ ಕೇಳಿಸಿಕೊಳ್ಳೋಣವೆಂದು ಪೊಲೀಸ ಗಾಜನ್ನು ಚೂರು ಇಳಿಸಿದ. ಒಂದು ನೊಣ ಒಳನುಗ್ಗಿತು. ಧ್ವನಿವರ್ಧಕ ಆರಿಸುವುದನ್ನು ಅವನು ಮರೆತಿದ್ದ. "ಅಯ್ಯಯ್ಯೋ! ಒಳಗೆ ಬಂತು! ಎಲ್ಲಿ ಹೋಯ್ತು? ಅಂಗಿ ಒಳಗೆ! ಅಂಗಿ ಒಳಗೆ!" ಅನ್ನುವುದು ಬಯಲಿಗೆಲ್ಲ ಕೇಳಿಸಿತು. ಗಾಜಿನ ಹಿಂದಿನ ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಪೊಲೀಸ ಆಚೆ ಬಾಗಿಲಿಂದ ಹೊರಗೆ ಹಾರಿ ಅಂಗಿ ಒದರಿಕೊಂಡು, ಟೋಪಿ ಸರಿಮಾಡಿಕೊಂಡು, ರಸ್ತೆಯ ತುದಿಗೆ ಓಡಿ ನಿಂತ. ಬರುವ ಕಾರುಗಳನ್ನೆಲ್ಲ ಗಂಭೀರವಾಗಿ ಹಿಂದೆ ಕಳಿಸತೊಡಗಿದ.

ವಿಬೋಲ್ ಕೂಡ ಸುಮ್ಮನಿರಲಿಲ್ಲ. ಸಕ್ಕರೆ ಪಾಕದ ಅಗಲ ತಟ್ಟೆಗಳನ್ನು ಹಿಂಬಾಗಿಲಿಂದ ಹೊತ್ತೊಯ್ದು ದೂರದ ಬೇಲಿಯ ಬುಡದಲ್ಲಿಟ್ಟು ಓಡಿಬಂದ. ಅಂಗಡಿಯ ಬಾಗಿಲಿಗೆ ಮುತ್ತಿದ್ದ ನೊಣಗಳು ನಿಧಾನಕ್ಕೆ ಆ ಕಡೆ ತಿರುಗಿದವು. "ಇವತ್ತಿನ ದೊಡ್ಡ ಗಿರಾಕಿಗಳು ಇವೇ!" ಅಂತ ಅವನು ಕಿಟಕಿಯಿಂದ ಕೂಗಿದ.

ಹರ್ಮೀನಿಯೊ ಪಿಕಪ್ಪಿನಿಂದ ಇಳಿಯುವ ಮೊದಲೇ ಫೋನು ಮಾಡಿದ್ದರಿಂದ ಪಾಕೂ ಮಧ್ಯಾಹ್ನದ ತನಕ ಕಾಯದೆ ಅಲ್ಲಿಗೇ ಬಂದಳು. ಕಾರಿನೊಳಗೇ ಉಳಿದು ಕೈಸನ್ನೆಯಲ್ಲಿ ಕೇಳಿದಳು: ದೀಪ ಆರಿತಾ? ಲೌರಿಂಡಾ ಕಿಟಕಿಯಿಂದ ಲಾರಿಯೊಳಗೆ ಬಗ್ಗಿ ನೋಡಿದಳು. ಇಲ್ಲ, ಮಿಣುಕುತ್ತಲೇ ಇತ್ತು. ದೀಪ ಉರಿಯುತ್ತಿದ್ದರೆ ಪರೀಕ್ಷೆ ಮಾಡಿಸಿಯೂ ಉಪಯೋಗವಿಲ್ಲ. ಪೊಲೀಸ ದೂರದಿಂದಲೇ ಕೇಳಿದ. "ನಿಮ್ಮ ಲಾರಿಗೆ ಹೊಗೆ ಪರೀಕ್ಷೆ ಆಗಿದ್ಯಾ?"

"ಆಗ್ತಾ ಇದೆ!" ಅಂತ ಅವಳು ಕೂಗಿದಳು.

ಕೊಳವೆಯಿಂದ ಏಳುತ್ತಿದ್ದ ಬಿಸಿಗಾಳಿಗೆ ಆಕಾಶವೇ ನಡುಗಿದಂತೆ ಕಾಣುತ್ತಿತ್ತು. ಹರ್ಮೀನಿಯೊನ ಕೈ ಸೋಲುತ್ತಿತ್ತು. ಲೌರಿಂಡಾ ದೀಪದ ಮೇಲೆ ಕಣ್ಣು ನೆಟ್ಟು, "ಆರು, ಆರೇ ತಾಯಿ, ಒಂದು ಸಲ ಆರಿಬಿಡೇ" ಅಂತ ಗೊಣಗಿದಳು. ಒಮ್ಮೆಲೇ ಎಂಜಿನ್ನಿನ ಗರ್ಜನೆ ಇಳಿಯಿತು. ಹಳದಿ ದೀಪ ಆರಿತು!

"ಆರಿತು! ಪಾಕೂ, ಆರಿತು ಕಣೇ, ಓಡಿ ಬಾ!"

ಪಾಕೂ ಲೌರಿಂಡಾಳ ಇನ್ನೊಂದು ಉಡುಪಿನೊಳಗೆ ಮುಳುಗಿ, ತೋಳು ಮಡಚಿಕೊಂಡು, ಏಣಿ ಹತ್ತಿ ಕೊಳವೆಯ ತುದಿಗೆ ಅಳತೆಯ ಉಪಕರಣ ಹಿಡಿದಳು. "ಒತ್ತಿ ಅಕ್ಕ!" ಲೌರಿಂಡಾ ಆಕ್ಸಿಲರೇಟರನ್ನು ನೆಲಕ್ಕೆ ತುಳಿದಳು. ಎಂಜಿನ್ ಕಿರುಚಿತು, ತಣಿಯಿತು. "ಮತ್ತೆ ಒತ್ತಿ!" ಮತ್ತೆ ತುಳಿದಳು. ಪಾಕೂ ಇಳಿದು, ಎಂಜಿನ್ನಿಗೆ ಟಾರ್ಚ್ ಬಿಟ್ಟು, ಹೊಸ ಚೀಟಿಯನ್ನು ಮೇಲಿಂದ ಕೆಳಗೆ ಓದಿದಳು. ಜಾಲರಿಯ ಮೇಲೆ ನೊಣಗಳು ಕುಳಿತಿದ್ದವು. ಒಳಗೆ ಅವಳ ಮುಖ ಅರಳಿತು.

"ಹೊಗೆ ಸೊನ್ನೆ ಅಕ್ಕ. ಚೀಟಿ ಫಳಫಳ. ಪಾಸ್!"

ಲೌರಿಂಡಾ ಹಾರನ್ ಹಗ್ಗ ಜಗ್ಗಿದ ಸದ್ದಿಗೆ ಅಂಗಡಿಯ ಗಾಜು ಅದುರಿತು. ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪೊಲೀಸ ಬಂದು ಪಾಕೂಳ ಯಂತ್ರದಲ್ಲಿನ ಫಲಿತಾಂಶ ನೋಡಿ, ಗಂಟಲು ಸರಿಮಾಡಿಕೊಂಡ. "ಹೊರಡಿ ತಾಯಿ, ದಯವಿಟ್ಟು ಬೇಗ ಹೊರಡಿ. ನನ್ನ ಕಾರಿನಲ್ಲಿ ಇನ್ನೊಂದಿದೆ, ಅದನ್ನ ಮಾತ್ರ ಕರ್ಕೊಂಡು ಹೋಗಿ." ಅವಳು ನೊಣವನ್ನು ಅಂಗೈಯಲ್ಲಿ ಮುಚ್ಚಿ ತಂದಳು. ವಿಬೋಲ್ ಗುಲಾಬಿ ಡಬ್ಬಿಯ ತುಂಬ ಡೋನಟ್ ತುಂಬಿ ಪಿಕಪ್ಪಿನಲ್ಲಿಟ್ಟ. ಹಣ ಕೊಡಲು ಹೋದರೆ, "ಒಂದು ಸೀಸೆ ಜೇನುತುಪ್ಪ ತಂದ್ಕೊಡಿ, ಆದ್ರೆ ನೊಣ ಮನೇಲಿ ಬಿಟ್ಟು ಬನ್ನಿ" ಅಂದ.

ತೋಟ ತಲುಪಿದಾಗ ಸಾಲುಸಾಲು ಮರಗಳು ಆ ಬೆಳಿಗ್ಗೆಯೇ ಬಿರಿದಿದ್ದವು. ಎತ್ತ ನೋಡಿದರೂ ಬಿಳಿ, ಅಲ್ಲಲ್ಲಿ ನಸುಗೆಂಪು. ಪೆಟ್ಟಿಗೆಗಳನ್ನು ಇಳಿಸಿ ಬಲೆ ಸರಿಸಿದ್ದೇ ತಡ, ನೊಣಗಳು ಗಾಳಿಯಲ್ಲಿ ಒಂದೆರಡು ಸುತ್ತು ಹಾಕಿ ನೇರವಾಗಿ ಹೂವಿಗೇ ನುಗ್ಗಿದವು. ಕೊಳವೆಯ ಪಕ್ಕದ ಪೆಟ್ಟಿಗೆಗಳನ್ನು ಲೌರಿಂಡಾ ಒಂದೊಂದಾಗಿ ತೆರೆದು ನೋಡಿದಳು. ಒಂದರಲ್ಲಿ ಮೇಣ ಸ್ವಲ್ಪ ಜೋತುಬಿದ್ದಿತ್ತು. ಉಳಿದವೆಲ್ಲ ಗಟ್ಟಿಮುಟ್ಟು, ರಾಣಿಗಳೂ ಕ್ಷೇಮ. ಅವಳು ಬೂಟು ಕಳಚಿ ಹುಲ್ಲಿನ ಮೇಲೆ ನಿಂತು ಕೈಗಳನ್ನು ಮೇಲೆತ್ತಿ ಒಂದು ಸುತ್ತು ತಿರುಗಿದಳು.

ಹರ್ಮೀನಿಯೊ ಲಾರಿಯ ಮೆಟ್ಟಿಲ ಮೇಲೆ ಕುಳಿತಿದ್ದ. ಕಿವಿ ಹಪ್ಪಳದಷ್ಟು ಉಬ್ಬಿತ್ತು, ಕೈಯಲ್ಲಿ ಅರ್ಧ ತಿಂದ ಡೋನಟ್.

"ಮುಂದಿನ ಪರೀಕ್ಷೆ ಯಾವಾಗ?" ಅಂತ ಕೇಳಿದ.

"ಆಗಸ್ಟ್‌ನಲ್ಲಿ."

"ಸೆಕೆ ಇರುತ್ತಲ್ಲೇ ಆಗ!"

"ಇರ್ಲಿ ಬಿಡು" ಅಂತ ಅವಳು ಬೂಟಿನ ಲಾಡಿ ಕಟ್ಟಿ ಮೇಲೆ ಹತ್ತಿ ಎಂಜಿನ್ ಚಾಲೂ ಮಾಡಿದಳು. "ಸರಿ, ಬಾಯಿ ಒರೆಸ್ಕೊಂಡು ಪಿಕಪ್ ಹತ್ತು. ಮನೇಲಿ ಇನ್ನೊಂದು ಲೋಡ್ ಕಾಯ್ತಿದೆ."