ಜಮಖಂಡಿಯಾಕೆಯ ಜರ್ಮನ್ ಸಂಸ್ಥಾನಗಳು

ಇವತ್ತು ಬೆಳಿಗ್ಗೆ ನನ್ನ ಚಹಾದ ಕಪ್ಪಿಗೆ ಊಟದ ಮೇಜಿನ ಮೇಲೆ ಜಾಗ ಸಿಗಲಿಲ್ಲ. ಹೆಂಡತಿ ಗಿರಿಜಾ ಮಖಮಲ್ಲಿನ ಬಟ್ಟೆ ಹಾಸಿ ತನ್ನ ರಾಜರನ್ನೆಲ್ಲ ಸಾಲಾಗಿ ಕೂರಿಸಿದ್ದಳು. ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ... ಹಳೇ ಜರ್ಮನ್ ರಾಜ್ಯಗಳ ಬಂಗಾರದ ನಾಣ್ಯಗಳು. ನಾನು ನಿಂತೇ ಕುಡಿದೆ. ಕೊಲ್ಲಿ ನಾಡಿನ ಎಣ್ಣೆಯೂರು ಅಹ್ಮದಿಯ ಈ ಕಂಪನಿ ಮನೆಯಲ್ಲಿ ಮಹಾರಾಜರಿಗೆ ಮೇಜು, ಎಂಜಿನಿಯರನಿಗೆ ಗೋಡೆ.

ಜಮಖಂಡಿಯ ಹೆಣ್ಣಿಗೂ ಜರ್ಮನ್ ದೊರೆಗಳಿಗೂ ಎಲ್ಲಿಯ ನಂಟು ಅಂತೀರಾ? ತೊಂಬತ್ತರ ದಶಕದ ಕೊನೆಯಲ್ಲಿ, ರಿಫೈನರಿಯಲ್ಲಿ ನನ್ನ ಜೊತೆಗಿದ್ದ ಒಬ್ಬ ಜರ್ಮನ್ ಗೆಳೆಯ ತನ್ನ ಊರಿಗೆ ಮರಳುವಾಗ ಎರಡು ಹಳೇ ನಾಣ್ಯ ನಮಗೆ ಮಾರಿ ಹೋದ. ಹಿಂದೆ ಒಂದೇ ಹದ್ದು, ಮುಂದೆ ಬೇರೆ ಬೇರೆ ರಾಜರು. ನಾನು ತಲೆ ಕೆರೆದುಕೊಂಡೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಇಲ್ಲಿ ನನ್ನ ವೀಸಾದ ಮೇಲೆ ಸುಮ್ಮನೆ ಕೂತಿದ್ದ ಗಿರಿಜಾ ನಕ್ಕಳು. “ಅದರಾಗೇನೈತ್ರೀ? ನಮ್ಮ ಜಮಖಂಡಿ, ಮುಧೋಳ, ರಾಮದುರ್ಗ ಇದ್ದಂಗ. ಮ್ಯಾಲೆ ಒಬ್ಬ ಚಕ್ರವರ್ತಿ, ಕೆಳಗ ಸಂಸ್ಥಾನಗೋಳು.” ಆಮೇಲೆ ಗೆಳತಿಯರು ಬಳೆ ಕೊಂಡರೆ ಇವಳು ಸಂಸ್ಥಾನ ಕೊಂಡಳು.

ಒಂದು ಸಂಜೆ ನಾವು ಹೋದಾಗ ಮುಬಾರಕಿಯಾ ಪೇಟೆಯ ತನ್ನ ಅಂಗಡಿಯಲ್ಲಿ ಅಕ್ಕಸಾಲಿ ಹಸನ್ ಭಾಯಿ ಹಳೇ ಬಂಗಾರ ಕರಗಿಸಲು ಕೂತಿದ್ದ. ತುಂಡಾದ ಸರಗಳ ನಡುವೆ ಒಂದು ನಾಣ್ಯ: ಎರಡು ಸಿಂಹ, ನಡುವೆ ಕೋಟೆ.

“ಹ್ಯಾಂಬರ್ಗ್!” ಅಂದಳು ಗಿರಿಜಾ.

“ತೂಕ ಆಗಿಹೋಗಿದೆ ಭಾಭಿ. ಗಿರಾಕಿಗೆ ಗಟ್ಟಿ ಮಾಡಿಕೊಡಬೇಕು. ಖಲಾಸ್,” ಎಂದ ಭಾಯಿ, ಬೆಂಕಿ ಹೊತ್ತಿಸುತ್ತ.

ಗಿರಿಜಾ ಮದುವೆಯಲ್ಲಿ ನನ್ನ ತಾಯಿ ತೊಡಿಸಿದ್ದ ಬಿಲ್ವಾರದ ಬಳೆ ಕಳಚಿ ಅವನ ಮುಂದಿಟ್ಟಳು. “ಇದನ್ನ ಕರಗಿಸ್ರಿ ಭಾಯಿ, ಅದನ್ನ ಬಿಡ್ರಿ.”

“ಅವ್ವ ಏನಂದಾಳು?” ಎಂದು ನಾನು ಪಿಸುಗುಟ್ಟಿದೆ.

“ಬಿಲ್ವಾರ ನಾಳೆ ಮಾಡಿಸಬಹುದ್ರಿ. ಇದನ್ನ ಯಾರು ಮಾಡತಾರ?”

ರಜೆಗೆ ಊರಿಗೆ ಹೋದಾಗ ಅವ್ವನ ಕಣ್ಣು ಮೊದಲು ಬಿದ್ದದ್ದೇ ಸೊಸೆಯ ಬರಿಗೈ ಮೇಲೆ. ನಾನು ನೀರು ಕುಡಿಯುವ ನೆವದಲ್ಲಿ ಅಡುಗೆಮನೆ ಸೇರಿದೆ. ಗಿರಿಜಾ ಮಾತ್ರ ನಡೆದದ್ದನ್ನೆಲ್ಲ ಹೇಳಿ ನಾಣ್ಯವನ್ನು ಅವ್ವನ ಅಂಗೈಯಲ್ಲಿಟ್ಟಳು. ಅವ್ವ ತಿರುಗಿಸಿ ಮುರುಗಿಸಿ ನೋಡಿದಳು.

“ರಾಜ ಎಲ್ಲೆವ್ವಾ?”

“ಆ ಊರಿಗೆ ರಾಜ ಇರಲಿಲ್ರಿ ಅತ್ತಿ. ಊರವರೇ ಆಳತಿದ್ರು.”

ಅವ್ವ ನಾಣ್ಯವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದಳು. ಆಮೇಲೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಣಿಗೆ ಇಳಿದಳು. ಮನೆಮನೆಯ ಕಟ್ಟೆಯ ಮೇಲೂ ಅವಳ ದನಿ: “ಬೆಂಕ್ಯಾಗಿಂದ ಉಳಿಸ್ಯಾಳ, ನನ್ನ ಸೊಸಿ!”

ಇಷ್ಟು ಬರೆಯುವಷ್ಟರಲ್ಲಿ ಗಿರಿಜಾಳ ಫೋನು ಬಡಿದುಕೊಂಡಿತು. ಹಸನ್ ಭಾಯಿ. “ಭಾಭಿ, ಯಾರೋ ಹಳೇ ನಾಣ್ಯ ತಂದಿದ್ದಾರೆ. ನೀವು ನೋಡದೆ ಬೆಂಕಿಗೆ ಹಾಕಲ್ಲ.”

ಗಿರಿಜಾ ಚಪ್ಪಲಿ ಮೆಟ್ಟಿ ಹೊರಬರುವ ಹೊತ್ತಿಗೆ, ಅವಳು ಹೇಳುವ ಮೊದಲೇ, ನಾನು ಕಾರು ಚಾಲೂ ಮಾಡಿ ಕೂತಿದ್ದೆ.