ಕಾಕಾ ಹುಡುಕಿದ ಕನ್ನಡ ಸ್ಟೇಷನ್

ಕನ್ನಡದವರು ಊರು ಬಿಟ್ಟು ಹೋಗಲಿ ಎಂದು ಅಬ್ಬರದ ಸಂಗೀತದ ನಡುವೆ ಕೂಗುವ ವಿಡಿಯೊ ಇಂದು ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಬಂತು. ಕಳಿಸಿದವನು ಪಕ್ಕದ ಮನೆಯ ಮಾರುತಿ ಕಾಕಾನ ಮಗ.

ನಾನು ಚಿಕ್ಕವಳಿದ್ದಾಗ, ಮರಾಠಿ ಸೀಮೆಯ ನಮ್ಮ ಕಬನೂರಿನ ಮಗ್ಗಗಳ ಸದ್ದು ನಿಂತ ಸಂಜೆ ಅಜ್ಜ ಕಟ್ಟೆಯ ಮೇಲೆ ರೇಡಿಯೊ ಇಟ್ಟು ಕನ್ನಡ ಭಜನೆ ಹಚ್ಚುತ್ತಿದ್ದ. ಕನ್ನಡ ಸರಿಯಾಗಿ ಬಾರದ ಮರಾಠಿ ಕಾಕಾ ಬಂದು ಹತ್ತಿರ ಕೂಡುತ್ತಿದ್ದ.

“ಏನರ ತಿಳೀತೇನೋ ಮಾರುತಿ?” ಎಂದು ಅಜ್ಜ ಕೇಳುತ್ತಿದ್ದ.

“ಶಬ್ದ ನಾಹೀ ಅಪ್ಪಾ, ಸೂರ ಕಳತೋ,” ಎನ್ನುತ್ತಿದ್ದ. ಮಾತು ತಿಳಿಯದಿದ್ದರೂ ರಾಗ ಅವನಿಗೆ ಸಾಕಿತ್ತು.

ಅಜ್ಜ ತೀರಿಕೊಂಡ ದಿನ ತಲೆದೆಸೆಯಲ್ಲಿ ರೇಡಿಯೊ ಇಟ್ಟು, ಅಳುತ್ತಲೇ ಕನ್ನಡ ಸ್ಟೇಷನ್ ಹುಡುಕಿದವನು ಕಾಕಾ. ಈಗ ಅವನೂ ಇಲ್ಲ.

“ಯಾರು ಕಳಿಸ್ಯಾರ ಅದನ್ನ?” ವಿಡಿಯೊದ ಕೂಗು ಕಿವಿಗೆ ಬಿದ್ದು ಅವ್ವ ಒಳಗಿನಿಂದ ಕೇಳಿದಳು.

ಫೋನಿನ ದನಿ ತಗ್ಗಿಸಿ, “ಯಾರೋ ಗುರುತಿಲ್ಲದವರು, ಅವ್ವಾ,” ಎಂದೆ.